ಮನೆಗೆ ಕಾಫಿ ಮಷೀನು: ಲೋಟದಿಂದ ಶುರುವಾಗುವ ಲೆಕ್ಕ

ಮನೆಬಳಕೆಯ ಕಾಫಿ ಮಷೀನಿನ ಕೆಲಸ ಒಂದೇ. ಹುರಿದು ಪುಡಿ ಮಾಡಿದ ಕಾಫಿಬೀಜದೊಳಗೆ ಬಿಸಿನೀರು ಹಾಯಿಸಿ ಅದರ ಸಾರವನ್ನು ಇಳಿಸಿಕೊಡುವುದು. ಮುನ್ನೂರು ನಾನೂರು ರೂಪಾಯಿಯ ಸ್ಟೀಲ್ ಫಿಲ್ಟರು ಮಾಡುವುದೂ ಇದನ್ನೇ, ಲಕ್ಷ ರೂಪಾಯಿಯ ಇಟಲಿಯ ಯಂತ್ರ ಮಾಡುವುದೂ ಇದನ್ನೇ. ನೀರು ಎಷ್ಟು ಬಿಸಿ, ಅದರ ಬೆನ್ನಿಗೆ ಎಷ್ಟು ಒತ್ತಡ, ಪುಡಿ ಎಷ್ಟು ನಯ, ನೀರೂ ಪುಡಿಯೂ ಕೂಡಿರುವುದು ಎಷ್ಟು ಹೊತ್ತು ಎಂಬ ನಾಲ್ಕು ಸಂಗತಿಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ. ಬೆಲೆ, ಹೊಳಪು, ಗುಂಡಿಗಳ ಸಂಖ್ಯೆ ಎಲ್ಲ ಆಮೇಲಿನವು.

ಮೈಸೂರಿನ ವಿದ್ಯಾರಣ್ಯಪುರಂನಂಥ ಬಡಾವಣೆಯಲ್ಲಿ ಮಷೀನು ಕೊಳ್ಳುವವರ ಮನೆಯಲ್ಲಿ ಕಾಫಿ ಹೊಸದಾಗಿ ಶುರುವಾಗುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಫಿಲ್ಟರು ಆಗಲೇ ಇರುತ್ತದೆ, ಅಜ್ಜಿಯ ಕಾಲದ ಹಿತ್ತಾಳೆಯದ್ದೊಂದು ಅಟ್ಟದ ಮೇಲೂ ಇರಬಹುದು. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ, ಅಶೋಕಪುರಂನ ರೈಲ್ವೆ ಕಾರ್ಯಾಗಾರಗಳ ಆಸುಪಾಸಿನ ಈ ಭಾಗದಲ್ಲಿ ಬೆಳಗಿನ ಪಾಳಿಗೆ ಹೊರಡುವವರಿರುವ ಮನೆಗಳು ಬೆಳಕು ಹರಿಯುವ ಮುನ್ನವೇ ಏಳುತ್ತವೆ. ಎದ್ದ ಅರ್ಧಗಂಟೆಯೊಳಗೆ ಮೂರೋ ನಾಲ್ಕೋ ಲೋಟ ಕಾಫಿ ಒಟ್ಟಿಗೆ ಆಗಬೇಕು. ಹಾಲು ಧಾರಾಳ, ಡಿಕಾಕ್ಷನ್ ಗಟ್ಟಿ, ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ, ಮೇಲೆ ನೊರೆ. ಯಾವ ಮಷೀನು ಬಂದರೂ ಈ ಲೋಟದ ಮುಂದೆ ನಿಂತು ಪರೀಕ್ಷೆ ಕೊಡಬೇಕಾಗುತ್ತದೆ. ಯುರೋಪು ಅಮೆರಿಕಗಳಲ್ಲಿ ರೂಪುಗೊಂಡ ಯಂತ್ರಗಳು ಬೇರೆಯದೇ ಲೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಬಹುಪಾಲು ಇದನ್ನು ಮರೆತದ್ದರಿಂದಲೇ ಆಗುವಂಥವು.

ಡಿಕಾಕ್ಷನ್ನಿನ ಗಟ್ಟಿತನವನ್ನು ಅಳತೆಯಲ್ಲಿ ಹಿಡಿದರೆ ವಿಷಯ ತಿಳಿಯಾಗುತ್ತದೆ. ಸಾಮಾನ್ಯ ಫಿಲ್ಟರಿನಲ್ಲಿ 25 ಗ್ರಾಂ ಪುಡಿಗೆ ಸುಮಾರು 150 ಮಿಲಿಲೀಟರ್ ನೀರು ಬೀಳುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿಟ್ಟುಕೊಳ್ಳುವುದರಿಂದ ಕೆಳಗಿನ ಪಾತ್ರೆಗೆ ಇಳಿಯುವುದು 100 ಮಿಲಿಲೀಟರಿನಷ್ಟು. ಅದರಲ್ಲಿ ಮೂರು ಲೋಟ ಕಾಫಿ. ಅಮೆರಿಕದ ಮನೆಗಳ ಡ್ರಿಪ್ ಮಷೀನಿನಲ್ಲಿ ಲೀಟರು ನೀರಿಗೆ ಹಾಕುವ ಪುಡಿ 55ರಿಂದ 60 ಗ್ರಾಂ. ಫಿಲ್ಟರಿನ ಲೆಕ್ಕವನ್ನು ಲೀಟರಿಗೆ ತಿರುಗಿಸಿದರೆ 165 ಗ್ರಾಂ ದಾಟುತ್ತದೆ. ಹಾಲಿಲ್ಲದೆ ದೊಡ್ಡ ಮಗ್ಗಿನಲ್ಲಿ ಕುಡಿಯುವವರಿಗಾಗಿ ಮಾಡಿದ ಕಾಫಿಗೆ ಮುಕ್ಕಾಲು ಲೋಟ ಹಾಲು ಸುರಿದರೆ ಅದು ಕಾಫಿಯ ಬಣ್ಣದ ಹಾಲಾಗುತ್ತದೆ. ವಿದೇಶದ ಡ್ರಿಪ್ ಮಷೀನನ್ನು ಉತ್ಸಾಹದಿಂದ ತಂದು, ತಿಂಗಳೊಪ್ಪತ್ತಿನಲ್ಲಿ ಅದನ್ನು ಬೀರುವಿಗೆ ಸೇರಿಸುವ ಮನೆಗಳಲ್ಲಿ ಯಂತ್ರದ ದೋಷ ಇರುವುದಿಲ್ಲ, ಪ್ರಮಾಣದ್ದಷ್ಟೇ ಇರುತ್ತದೆ.

ಒತ್ತಡದಿಂದ ಬಿಸಿನೀರು ಹಾಯಿಸಿ ಇಳಿಸುವ ಎಸ್ಪ್ರೆಸೊ ಇನ್ನೊಂದು ತುದಿ. ಅದರಲ್ಲಿ ಕರಗಿರುವ ಕಾಫಿಯ ಅಂಶ ನೂರಕ್ಕೆ 8ರಿಂದ 12ರವರೆಗೆ ಇದ್ದರೆ, ಡ್ರಿಪ್ ಕಾಫಿಯಲ್ಲಿ ಒಂದೂಕಾಲು, ಒಂದೂವರೆ ಅಷ್ಟೇ. ಫಿಲ್ಟರಿನ ಮೊದಲ ಡಿಕಾಕ್ಷನ್ ಇವೆರಡರ ನಡುವೆ ನಿಲ್ಲುತ್ತದೆ. ಹಾಗಾಗಿ ಹಾಲಿನ ಕಾಫಿಯ ಮನೆಗೆ ಎಸ್ಪ್ರೆಸೊ ಮಷೀನು ತಾತ್ವಿಕವಾಗಿ ಡ್ರಿಪ್ ಮಷೀನಿಗಿಂತ ಹತ್ತಿರದ ನೆಂಟ. ಆದರೆ ಆ ನೆಂಟಸ್ತಿಕೆಗೆ ಅಡ್ಡ ಬರುವ ಸಂಗತಿಗಳು ಎರಡಿವೆ: ಹಾಲಿನ ಬಿಸಿ ಮತ್ತು ಚಿಕೋರಿ.

ಹಾಲಿನ ಬಿಸಿ ಮೊದಲು. ಎಸ್ಪ್ರೆಸೊ ಮಷೀನಿನ ಹಬೆನಳಿಗೆಯಲ್ಲಿ ಹಾಲನ್ನು 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕೆಂಬುದು ಕೆಫೆಗಳ ನಿಯಮ. ಆ ಬಿಸಿಯಲ್ಲಿ ಹಾಲಿನ ಸಿಹಿ ಚೆನ್ನಾಗಿ ತಿಳಿಯುತ್ತದೆ, ನೊರೆ ರೇಷ್ಮೆಯಂತೆ ಬರುತ್ತದೆ. 70 ದಾಟಿದರೆ ಕಾಯಿಸಿದ ವಾಸನೆ ಹುಟ್ಟಿ ನೊರೆ ಒಡೆಯತೊಡಗುತ್ತದೆ. ಮೈಸೂರಿನ ಮನೆಯಲ್ಲಿ ಹಾಲು ಉಕ್ಕಿ ಬರಬೇಕು. ಉಕ್ಕಿದ ಹಾಲು, ಬಿಸಿ ಡಿಕಾಕ್ಷನ್, ಸಕ್ಕರೆ ಸೇರಿಸಿ ಲೋಟದಿಂದ ದಬರಿಗೆ, ದಬರಿಯಿಂದ ಲೋಟಕ್ಕೆ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ, ಕುಡಿಯುವ ಹದಕ್ಕೆ ಆರುತ್ತದೆ ಕೂಡ. ದಬರಿ ಲೋಟವೆಂದರೆ ಕರೆಂಟು ಬೇಡದ ನೊರೆಯಂತ್ರವೇ. ಹೊಸ ಮಷೀನಿನ ಕ್ಯಾಪುಚಿನೊ ಕೈಗೆ ಬಂದಾಗ ಮನೆಯ ಹಿರಿಯರು ಕಾಫಿ ಆರಿಹೋಗಿದೆ ಎಂದರೆ ಅದು ಹಟವಲ್ಲ. ಅವರು ಬಲ್ಲ ಉಕ್ಕಿದ ಹಾಲಿಗೂ ಯಂತ್ರದ ಹಾಲಿಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಅಂತರವಿರುತ್ತದೆ. ಇಂಥ ಮನೆಯವರು ಹಬೆನಳಿಗೆಗೆಂದು ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಎಸ್ಪ್ರೆಸೊವನ್ನು ಡಿಕಾಕ್ಷನ್ನಿನಂತೆ ಇಳಿಸಿಕೊಂಡು, ಒಲೆಯ ಮೇಲೆ ಕಾಯ್ದ ಹಾಲಿಗೆ ಬೆರೆಸಿದರೆ ಕೆಲಸ ಮುಗಿಯಿತು. ಹಾಲಿನ ಆಯ್ಕೆಗೂ ಇಲ್ಲಿ ಮಹತ್ವವಿದೆ. ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಶುಭಂನಲ್ಲಿ 4.5, ಸಮೃದ್ಧಿಯಲ್ಲಿ 6. ಮಷೀನು ಬದಲಿಸುವ ಮುನ್ನ ಒಂದು ವಾರ ಹಾಲಿನ ಪೊಟ್ಟಣ ಬದಲಿಸಿ ನೋಡುವುದು ಒಳ್ಳೆಯದು. ಕಾಫಿ ತೆಳು ಎಂಬ ದೂರು ಎಷ್ಟೋ ಸಲ ಅಲ್ಲೇ ತೀರುತ್ತದೆ.

ಚಿಕೋರಿಯದ್ದು ಇನ್ನೂ ದೊಡ್ಡ ಕಥೆ. ಚಿಕೋರಿ ಕಾಫಿಯಲ್ಲ, ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆದು, ಒಣಗಿಸಿ, ಹುರಿದು, ಪುಡಿ ಮಾಡಿ ಇಲ್ಲಿಗೆ ತರುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಗಟ್ಟಿತನ, ಕಡೆಯಲ್ಲೊಂದು ಸಿಹಿಗಹಿ ಕೊಡುವುದು ಅದರ ಗುಣ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬುದು ಆಹಾರ ಸುರಕ್ಷತಾ ನಿಯಮ. ಕಾಫಿಪುಡಿ ಅಂಗಡಿಗಳಲ್ಲಿ ಎಂಬತ್ತು ಇಪ್ಪತ್ತು, ಎಪ್ಪತ್ತು ಮೂವತ್ತು ಎಂದು ಕೇಳಿ ಹಾಕಿಸಿಕೊಳ್ಳುವುದು ರೂಢಿ.

ಹುರಿದ ಚಿಕೋರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನಲ್ಲಿ ಕರಗುತ್ತದೆ. ಕಾಫಿಯಲ್ಲಿ ಕರಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲಿನೊಳಗೆ. ಕರಗದೆ ಉಳಿದ ಚಿಕೋರಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ತನ್ನ ಭಾರದಿಂದಲೇ ನಿಧಾನವಾಗಿ ಹನಿಯುವ ಫಿಲ್ಟರಿನಲ್ಲಿ ಈ ಅಂಟು ಉಪಕಾರಿ. ಅದು ನೀರನ್ನು ತಡೆದು ನಿಲ್ಲಿಸುವುದರಿಂದ ಡಿಕಾಕ್ಷನ್ ಗಟ್ಟಿಯಾಗುತ್ತದೆ. ಒತ್ತಡದಿಂದ ಅರ್ಧ ನಿಮಿಷದಲ್ಲಿ ನೀರು ಹಾಯಿಸುವ ಎಸ್ಪ್ರೆಸೊ ಮಷೀನಿನಲ್ಲಿ ಅದೇ ಅಂಟು ಜಾಲರಿಯನ್ನು ಕಟ್ಟಿಹಾಕಿ ಪಂಪಿಗೆ ಹೊರೆಯಾಗುತ್ತದೆ. ಬೀಜ ಹಾಕಿದರೆ ತಾನೇ ಬೀಸಿ ಕಾಫಿ ಮಾಡುವ ಸ್ವಯಂಚಾಲಿತ ಯಂತ್ರದ ಬೀಜದ ಪೆಟ್ಟಿಗೆಗೆ ಚಿಕೋರಿ ಬೆರೆಸಿದ ಪುಡಿ ಸುರಿಯುವುದಂತೂ ಬೀಸುವ ಹಲ್ಲುಗಳನ್ನು ಕೈಯಾರೆ ಕೆಡಿಸಿದಂತೆ. ಆದ್ದರಿಂದ ಮಷೀನಿನ ಪ್ರಶ್ನೆಗೂ ಮೊದಲು ಮನೆಮಂದಿ ಉತ್ತರಿಸಬೇಕಾದ ಪ್ರಶ್ನೆ ಒಂದಿದೆ: ಚಿಕೋರಿಯ ರುಚಿ ಬಿಟ್ಟಿರಲು ಆಗುತ್ತದೆಯೇ? ಆಗದು ಎಂದರೆ ಹಾದಿ ಸಲೀಸು. ಕೈಯಲ್ಲಿ ಬಳಸುವ ಫಿಲ್ಟರು ಅಥವಾ ವಿದ್ಯುತ್ ಡ್ರಿಪ್, ಇವೆರಡೇ ಸರಿ. ಎಸ್ಪ್ರೆಸೊ ಮಷೀನಿಗೆ ಇಪ್ಪತ್ತು ಸಾವಿರ ಸುರಿದು ಆಮೇಲೆ ಹಳೆಯ ರುಚಿಗಾಗಿ ಹಂಬಲಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬೀಜದ ಮಾತಿಗೆ ಬಂದರೆ ಮೈಸೂರಿನಷ್ಟು ಅನುಕೂಲದ ಊರು ಕಡಿಮೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ, ಅದೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಬಾಬಾ ಬುಡನ್ ತಂದರೆಂಬ ಏಳು ಬೀಜಗಳ ಕಥೆ ಹುಟ್ಟಿದ ಗಿರಿಯ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಕೊಡಗು ಅರೇಬಿಕಾ ಮೂರಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅಂಗಡಿಯ ಫಲಕದಲ್ಲಿ ಕಾಣುವ ಹೆಸರುಗಳ ಅರ್ಥ ತಿಳಿದಿದ್ದರೆ ಆಯ್ಕೆ ಹಗುರ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಎನ್ನುತ್ತಾರೆ. ಎ, ಬಿ ಎಂಬುವು ಬೀಜದ ಗಾತ್ರ. ಹೀಗೆಯೇ ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರಿ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಉರುಟಾಗಿ ಬೆಳೆದಿದ್ದರೆ ಅದು ಪೀಬರಿ. ಅರೇಬಿಕಾಕ್ಕೆ ಪರಿಮಳ ಮತ್ತು ತೆಳು ಹುಳಿ, ರೋಬಸ್ಟಾಕ್ಕೆ ಕಹಿ, ಗಟ್ಟಿತನ ಮತ್ತು ಹೆಚ್ಚುಕಡಿಮೆ ಇಮ್ಮಡಿ ಕೆಫೀನ್. ಹಾಲಿನ ಕಾಫಿಯಲ್ಲಿ ರೋಬಸ್ಟಾದ ಪಾಲು ಸ್ವಲ್ಪ ಇದ್ದರೆ ರುಚಿ ಹಾಲಿನೊಳಗೆ ಮುಳುಗಿಹೋಗುವುದಿಲ್ಲ. ಚಿಕೋರಿ ಬಿಡಲು ಹೊರಟವರಿಗೆ ಇದು ಉಪಯುಕ್ತ ಸಂಗತಿ: ಮುಕ್ಕಾಲು ಪಾಲು ಪ್ಲಾಂಟೇಷನ್, ಕಾಲು ಪಾಲು ಒಳ್ಳೆಯ ಪಾರ್ಚ್‌ಮೆಂಟ್ ಬೆರೆಸಿ ಸ್ವಲ್ಪ ಕಪ್ಪಗೆ ಹುರಿಸಿದರೆ ಚಿಕೋರಿ ಕೊಡುತ್ತಿದ್ದ ಗಟ್ಟಿತನದ ಬಹುಭಾಗ ಮರಳಿ ಸಿಗುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ನೊರೆ ಮತ್ತು ಮೈ ಕೊಡುವ ಕೆಲಸವನ್ನು ಇಲ್ಲಿನ ರೋಬಸ್ಟಾ ಮಾಡುತ್ತದೆ.

ಇನ್ನು ಯಂತ್ರಗಳು. ಫಿಲ್ಟರನ್ನೇ ಮೊದಲು ನೋಡಬೇಕು, ಏಕೆಂದರೆ ಇದೂ ಒಂದು ಯಂತ್ರವೇ. ಸಣ್ಣ ತೂತುಗಳ ಮೇಲಿನ ಪಾತ್ರೆ, ಪುಡಿಯನ್ನು ಅದುಮಿಡುವ ಕೊಡೆಯಾಕಾರದ ಬಿಲ್ಲೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ, ಒಂದು ಮುಚ್ಚಳ. 1800ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಎರಡಂತಸ್ತಿನ ಡ್ರಿಪ್ ಪಾತ್ರೆಯ ತತ್ವವೇ ಇದರದ್ದೂ. ಕೊಳ್ಳುವಾಗ ನೋಡಬೇಕಾದದ್ದು ತೂತು. ಬೆಳಕಿಗೆ ಹಿಡಿದರೆ ತೂತುಗಳೆಲ್ಲ ಒಂದೇ ಗಾತ್ರವಾಗಿ, ಸಮನಾಗಿ ಹರಡಿಕೊಂಡಿರಬೇಕು. ದೊಡ್ಡ ತೂತಿನಲ್ಲಿ ಪುಡಿ ಇಳಿಯುತ್ತದೆ, ಡಿಕಾಕ್ಷನ್ ತೆಳುವಾಗುತ್ತದೆ. ಎರಡು ಪಾತ್ರೆಗಳು ಕೂಡುವ ಕಡೆ ತೀರ ಬಿಗಿಯಾಗಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಹನಿಯುವುದೇ ನಿಲ್ಲುತ್ತದೆ. ಮನೆಯ ಅಗತ್ಯಕ್ಕೆ ತಕ್ಕ ಗಾತ್ರದ್ದೇ ಬೇಕು. ದೊಡ್ಡ ಫಿಲ್ಟರಿಗೆ ಎರಡು ಚಮಚ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಸರ್ರನೆ ಇಳಿದುಹೋಗುತ್ತದೆ. ನಾಲ್ಕು ಜನರ ಮನೆಗೆ ದಿನಬಳಕೆಯ ಚಿಕ್ಕದೊಂದು, ನೆಂಟರು ತುಂಬುವ ದಸರಾ ದಿನಗಳಿಗೆ ದೊಡ್ಡದೊಂದು ಇದ್ದರೆ ಸಾಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕಾಫಿಗೆ ಬೇಕಾದ್ದು 92ರಿಂದ 96. ಹಾಗಾಗಿ ಕುದಿ ನಿಂತ ಕೂಡಲೇ ಹೊಯ್ದರೂ ಪುಡಿ ಸುಡುವ ಭಯವಿಲ್ಲ. ಒಂದೇ ಕೊರತೆ ಹೊತ್ತಿನದು. ಇಳಿಯಲು ಕಾಲು ಗಂಟೆ, ಇಪ್ಪತ್ತು ನಿಮಿಷ ಬೇಕು. ರಾತ್ರಿಯೇ ಹಾಕಿಟ್ಟು ಮಲಗುವ ರೂಢಿ ಹುಟ್ಟಿದ್ದು ಇದರಿಂದಲೇ. ಆರಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಕೂರಿಸಿ ಬೆಚ್ಚಗೆ ಮಾಡುವುದು ಸರಿಯಾದ ಕ್ರಮ.

ವಿದ್ಯುತ್ ಡ್ರಿಪ್ ಮಷೀನು ಇದೇ ಕೆಲಸವನ್ನು ಹತ್ತು ನಿಮಿಷದ ಆಸುಪಾಸಿಗೆ ಇಳಿಸುತ್ತದೆ. ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ 1908ರಲ್ಲಿ ಕಾಗದದ ಸೋಸುಕ ಕಂಡುಹಿಡಿದರು. 1954ರಲ್ಲಿ ಜರ್ಮನಿಯಲ್ಲೇ ಮೊದಲ ವಿದ್ಯುತ್ ಡ್ರಿಪ್ ಯಂತ್ರ ಬಂತು. ದಕ್ಷಿಣ ಭಾರತದ ಮಿಕ್ಸಿ ಕಂಪನಿಗಳು ಮಾರುವ ಡ್ರಿಪ್ ಮಷೀನುಗಳು ಕಡಿಮೆ ನೀರು, ಹೆಚ್ಚು ಪುಡಿ ಎಂಬ ಡಿಕಾಕ್ಷನ್ ಲೆಕ್ಕಕ್ಕೆ ಹೊಂದಿಸಿದಂಥವು, ಲೋಹ ಅಥವಾ ನೈಲಾನಿನ ಜಾಲರಿಯವು, ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ಸಿಗುವಂಥವು. ಚಿಕೋರಿ ಪುಡಿಗೂ ಇವು ಒಗ್ಗುತ್ತವೆ. ಗಾಜಿನ ಜಾರ್ ಒಡೆದರೆ ಬೇರೆ ಸಿಗುತ್ತದೆಯೇ, ಅದರ ಬೆಲೆಯೆಷ್ಟು ಎಂದು ಕೊಳ್ಳುವ ದಿನವೇ ಕೇಳಬೇಕು. ಜಾರಿನಡಿಯ ಬಿಸಿತಟ್ಟೆಯ ಮೇಲೆ ಡಿಕಾಕ್ಷನ್ನನ್ನು ಅರ್ಧಗಂಟೆಗಿಂತ ಹೆಚ್ಚು ಬಿಡುವುದು ತರವಲ್ಲ, ಅದೂ ನಿಧಾನಕ್ಕೆ ಕುದಿಸಿದಂತೆಯೇ. ಬೆಳಗಿನ ಅವಸರವೊಂದೇ ಸಮಸ್ಯೆಯಾಗಿರುವ ಮನೆಗೆ ಇದಕ್ಕಿಂತ ಮುಂದೆ ಹೋಗುವ ಕಾರಣವಿಲ್ಲ. ಕೊಲೆಸ್ಟರಾಲ್ ಹೆಚ್ಚಿರುವ ಹಿರಿಯರಿದ್ದರೆ ಕಾಗದದ ಸೋಸುಕಕ್ಕೆ ಇನ್ನೊಂದು ಪ್ರಯೋಜನವಿದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ, ಕಾಗದ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಲೋಹದ ಜಾಲರಿ ಅಷ್ಟು ತಡೆಯದು.

ಮೋಕಾ ಪಾತ್ರೆ ಇಟಲಿಯಲ್ಲಿ 1933ರಲ್ಲಿ ಬಿಯಾಲೆಟ್ಟಿ ಹೊರತಂದದ್ದು. ಕೆಳಗೆ ನೀರು, ನಡುವೆ ಪುಡಿ, ಮೇಲೆ ಕಾಫಿ. ಒಲೆಯ ಮೇಲಿಟ್ಟರೆ ಹಬೆಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಒತ್ತಡ ಒಂದರಿಂದ ಎರಡು ಬಾರ್, ಅಂದರೆ ಕುಕ್ಕರಿನ ಒಳಗಿರುವಷ್ಟು ಅಥವಾ ತುಸು ಹೆಚ್ಚು. ಐದಾರು ನಿಮಿಷದಲ್ಲಿ ಫಿಲ್ಟರ್ ಡಿಕಾಕ್ಷನ್ನಿಗೆ ತೀರ ಸಮೀಪದ ಗಟ್ಟಿ ಕಾಫಿ ಸಿಗುತ್ತದೆ, ಕರೆಂಟು ಹೋದರೂ ತೊಂದರೆಯಿಲ್ಲ. ಅಲ್ಯೂಮಿನಿಯಂನದ್ದು ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ಅಂಥ ಮನೆಗೆ ಸ್ಟೀಲಿನದ್ದೇ ಬೇಕು. ಚಿಕೋರಿ ಬೆರೆಸಿದ ಪುಡಿಯನ್ನು ಇದಕ್ಕೆ ಹಾಕಕೂಡದು. ಜಾಲರಿ ಕಟ್ಟಿಕೊಂಡರೆ ಕೆಳಗಿನ ನೀರಿನ ಪಾತ್ರೆಯಲ್ಲಿ ಒತ್ತಡ ಏರುತ್ತದೆ, ಉಳಿಯುವ ರಕ್ಷಣೆ ಸುರಕ್ಷತಾ ಕವಾಟವೊಂದೇ. ಎರಡು ಮೂರು ಸಾವಿರ ರೂಪಾಯಿಗೆ ಇಷ್ಟು ಕೊಡುವ ಸಾಧನ ಬೇರೊಂದಿಲ್ಲ, ಆದರೂ ನಮ್ಮ ಮನೆಗಳಲ್ಲಿ ಇದು ಇನ್ನೂ ಅಪರೂಪ. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಕೈಯಿಂದ ಒತ್ತುವ ಫ್ರೆಂಚ್ ಪ್ರೆಸ್, ಏರೋಪ್ರೆಸ್ ಮೊದಲಾದವು ಒಬ್ಬಿಬ್ಬರಿಗೆ, ಅದರಲ್ಲೂ ಹಾಲಿಲ್ಲದೆ ಕುಡಿಯುವವರಿಗೆ ಒಪ್ಪುತ್ತವೆ.

ಎಸ್ಪ್ರೆಸೊ ಮಷೀನಿನ ಮೇಲೆ ಜಾಹೀರಾತಿನ ಮಾತು ಹೆಚ್ಚು, ಆದ್ದರಿಂದ ತಿಳಿಯಬೇಕಾದ್ದೂ ಹೆಚ್ಚು. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಹಬೆಯ ಕಾಫಿಯಂತ್ರಕ್ಕೆ ಪೇಟೆಂಟ್ ಪಡೆದರು, 1901ರಲ್ಲಿ ಮಿಲಾನಿನ ಲೂಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಬಟ್ಟಲಿಗೆ ಇಳಿಸುವಂತೆ ಸುಧಾರಿಸಿದರು. ಎರಡನೇ ಮಹಾಯುದ್ಧದ ನಂತರ ಅಕಿಲೆ ಗಾಜಿಯಾ ಹಬೆಯ ಬದಲು ಸನ್ನೆ ಮತ್ತು ಸ್ಪ್ರಿಂಗಿನ ಬಲದಿಂದ ನೀರು ನೂಕುವ ಯಂತ್ರ ತಂದಾಗಲೇ ಕ್ರೆಮಾ ಎಂಬ ಕಂದುನೊರೆ ಬಟ್ಟಲಿನ ಮೇಲೆ ಕಾಣಿಸಿಕೊಂಡದ್ದು. ಇಂದು ಒಪ್ಪಿತವಾಗಿರುವ ಅಳತೆ ಹೀಗಿದೆ: 18 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡು, 36 ಗ್ರಾಮಿನಷ್ಟು ಕಾಫಿ. ಬೇಕಾದ್ದು 9 ಬಾರ್ ಆಗಿರುವಾಗ ಪೆಟ್ಟಿಗೆಯ ಮೇಲೆ 15, 20 ಎಂದು ಬರೆದಿರುವುದು ಪಂಪು ಎಷ್ಟರವರೆಗೆ ಒತ್ತಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಆ ಅಂಕಿ ದೊಡ್ಡದಾದಷ್ಟೂ ಕಾಫಿ ಒಳ್ಳೆಯದಾಗುವುದಿಲ್ಲ. ಮೂರು ನಾಲ್ಕು ಸಾವಿರಕ್ಕೆ ಸಿಗುವ, ಪಂಪೇ ಇಲ್ಲದ ಹಬೆಯ ಮಷೀನುಗಳೂ ಎಸ್ಪ್ರೆಸೊ ಹೆಸರಿನಲ್ಲೇ ಮಾರಾಟವಾಗುತ್ತವೆ. ಅವು ನಿಜದಲ್ಲಿ ಕರೆಂಟಿನ ಮೋಕಾ ಪಾತ್ರೆಗಳು.

ಪಂಪಿರುವ ಮಷೀನಿನಲ್ಲಿ ನೋಡಬೇಕಾದ ಮುಖ್ಯ ಭಾಗ ಪುಡಿ ತುಂಬುವ ಜಾಲರಿಬಟ್ಟಲು. ಒಂದೇ ಗೋಡೆಯದ್ದಾದರೆ ಪುಡಿ ಸರಿಯಾದ ನಯಕ್ಕೆ, ಅದೂ ಆ ಹೊತ್ತಿಗೆ ಬೀಸಿದ್ದೇ ಆಗಬೇಕು. ಎರಡು ಗೋಡೆಯದ್ದಾದರೆ ಒಂದೇ ಒಂದು ಸಣ್ಣ ರಂಧ್ರ ಒತ್ತಡವನ್ನು ಕೃತಕವಾಗಿ ಹುಟ್ಟಿಸುತ್ತದೆ, ಅಂಗಡಿಯಲ್ಲಿ ಬೀಸಿಸಿದ ಪುಡಿಯೂ ನಡೆಯುತ್ತದೆ, ನೊರೆ ಬರುತ್ತದೆ, ರುಚಿಯ ಆಳ ಸ್ವಲ್ಪ ಕಡಿಮೆ. ಎರಡೂ ಬಟ್ಟಲು ಕೊಡುವ ಮಷೀನು ಕೊಂಡರೆ ಕಲಿಯುತ್ತ ಮೇಲೇರಬಹುದು. ಬೀಸುವ ಗಿರಣಿಯನ್ನು ಬಿಟ್ಟು ಎಸ್ಪ್ರೆಸೊ ಮಷೀನಿನ ಬೆಲೆ ಲೆಕ್ಕ ಹಾಕುವುದು ಅರ್ಧ ಲೆಕ್ಕ. ಮಿಕ್ಸಿಯ ಬ್ಲೇಡು ಬೀಜವನ್ನು ಕೊಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ತರಿಯಾದ ಪುಡಿಯಲ್ಲಿ ಒಂದು ಭಾಗ ಕಹಿ, ಇನ್ನೊಂದು ಸಪ್ಪೆ. ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜ ಅರೆಯುವ ಬರ್ ಗ್ರೈಂಡರ್ ಪುಡಿಯನ್ನು ಒಂದೇ ಸಮ ಕೊಡುತ್ತದೆ. ಇಪ್ಪತ್ತೈದು ಸಾವಿರ ಖರ್ಚು ಮಾಡಲು ಸಿದ್ಧವಿರುವ ಮನೆಯವರು ಅಷ್ಟನ್ನೂ ಮಷೀನಿಗೇ ಸುರಿಯದೆ ಹತ್ತು ಸಾವಿರ ಗ್ರೈಂಡರಿಗೆ ಇಡುವುದು ಜಾಣತನ. ಕೈಯಲ್ಲಿ ತಿರುಗಿಸುವ ಚಿಕ್ಕ ಬರ್ ಗ್ರೈಂಡರ್ ಇನ್ನೂ ಕಡಿಮೆಗೆ ಬರುತ್ತದೆ, ನಸುಕಿನಲ್ಲಿ ಗೋಡೆಯಾಚೆಯವರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಮತ್ತೊಂದು ಮಿತಿ ಸಂಖ್ಯೆಯದ್ದು. ಮನೆಬಳಕೆಯ ಎಸ್ಪ್ರೆಸೊ ಮಷೀನು ಒಂದು ಸಲಕ್ಕೆ ಒಂದೋ ಎರಡೋ ಕಾಫಿ ಇಳಿಸುತ್ತದೆ. ಒಂದೇ ಬಾಯ್ಲರಿನ ಮಷೀನಾದರೆ ಕಾಫಿ ಇಳಿದ ಮೇಲೆ ಹಬೆ ಏರಲು ಕಾಯಬೇಕು, ಹಬೆಯಾದ ಮೇಲೆ ಮುಂದಿನ ಕಾಫಿಗೆ ಆರಲು ಕಾಯಬೇಕು. ಗೌರಿ ಹಬ್ಬಕ್ಕೆ ಬಂದ ಎಂಟು ಜನರಿಗೆ ಕಾಫಿ ಕೊಡುವಷ್ಟರಲ್ಲಿ ಮೊದಲನೆಯವರ ಲೋಟ ತೊಳೆದಿಟ್ಟೂ ಆಗಿರುತ್ತದೆ. ದೊಡ್ಡ ಫಿಲ್ಟರಿನಲ್ಲಿ ಎಂಟು ಜನರದ್ದೂ ಒಂದೇ ಸಲ. ಆದ್ದರಿಂದ ಎಸ್ಪ್ರೆಸೊ ಮಷೀನು ಬಂದರೂ ಫಿಲ್ಟರು ಅಟ್ಟ ಸೇರಬೇಕಿಲ್ಲ.

ಬೀಜದಿಂದ ಬಟ್ಟಲಿನವರೆಗೆ ಎಲ್ಲವನ್ನೂ ತಾನೇ ಮಾಡುವ ಸ್ವಯಂಚಾಲಿತ ಯಂತ್ರ ಮೂವತ್ತೈದು ನಲವತ್ತು ಸಾವಿರ ರೂಪಾಯಿಯಿಂದ ಮೇಲಕ್ಕೆ. ಕೈಚಳಕ ಬೇಡ, ಗುಂಡಿ ಒತ್ತಿದರಾಯಿತು. ಕೀಲುನೋವಿನಿಂದ ಫಿಲ್ಟರು ಬಿಚ್ಚಲಾಗದ ಹಿರಿಯರಿಗೆ ಇದು ನಿಜವಾದ ಉಪಕಾರ. ಆದರೆ ಒಳಗಿನ ಭಾಗಗಳು ಹೆಚ್ಚಾದಷ್ಟು ಕೆಡುವ ಭಾಗಗಳೂ ಹೆಚ್ಚು. ಪುಡಿ ತುಂಬಿ ಮುಚ್ಚಿದ ಪುಟ್ಟ ಡಬ್ಬಿಗಳಿಂದ ನಡೆಯುವ ಕ್ಯಾಪ್ಸೂಲ್ ಮಷೀನಿನಲ್ಲಿ ಬೆಲೆಯ ಭಾರ ಯಂತ್ರದ ಮೇಲಲ್ಲ, ಪ್ರತಿ ಲೋಟದ ಮೇಲೆ ಬೀಳುತ್ತದೆ, ಒಂದೇ ಕಂಪನಿಯ ಕೈಗೆ ಮನೆಯ ಕಾಫಿಯನ್ನು ಒಪ್ಪಿಸಿದಂತಾಗುತ್ತದೆ. ಕಾಫಿನಾಡಿನ ಮಗ್ಗುಲಲ್ಲಿರುವ ಊರಿಗೆ ಅದರ ಅಗತ್ಯ ಕಾಣುವುದಿಲ್ಲ. ಇನ್‌ಸ್ಟಂಟ್ ಕಾಫಿಯವರಿಗೆ ನೀರು ಕಾಯಿಸುವ ಕೆಟಲೇ ಮಷೀನು. ಆ ಪುಡಿ ಕೂಡ ದೂರದ್ದಲ್ಲ, ನೆಸ್ಲೆಯ ಕಾರ್ಖಾನೆ 1989ರಿಂದ ನಂಜನಗೂಡಿನಲ್ಲಿದೆ.

ಖರ್ಚಿನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಪುಡಿ ಕಿಲೋಗೆ 800 ರೂಪಾಯಿ, ಲೋಟಕ್ಕೆ 8 ಗ್ರಾಂ ಎಂದಿಟ್ಟುಕೊಂಡರೆ ಪುಡಿಯ ಖರ್ಚು ಲೋಟಕ್ಕೆ 6 ರೂಪಾಯಿ 40 ಪೈಸೆ. ಇಪ್ಪತ್ತು ಸಾವಿರದ ಮಷೀನು ಐದು ವರ್ಷ ಬಾಳಿದರೆ ತಿಂಗಳಿಗೆ ಬೀಳುವುದು 333 ರೂಪಾಯಿ. ದಿನಕ್ಕೆ ಎಂಟು ಲೋಟ ಮಾಡುವ ಮನೆಯಲ್ಲಿ ಅದು ಲೋಟಕ್ಕೆ ಒಂದೂವರೆ ರೂಪಾಯಿಯೂ ಆಗದು. ಭಾನುವಾರ ಮಾತ್ರ ನಾಲ್ಕು ಲೋಟ ಮಾಡುವ ಮನೆಯಲ್ಲಿ ಅದೇ ಮಷೀನಿನ ಪಾಲು ಲೋಟಕ್ಕೆ 19 ರೂಪಾಯಿ. ಮಷೀನು ದುಬಾರಿಯೋ ಅಗ್ಗವೋ ಎಂಬುದನ್ನು ನಿರ್ಧರಿಸುವುದು ಬಳಕೆ. ವಿದ್ಯುತ್ತಿನ ಖರ್ಚು ಹೆದರುವಷ್ಟಿಲ್ಲ: 1200 ವ್ಯಾಟಿನ ಮಷೀನು ಕಾಲು ಗಂಟೆ ಪೂರ್ತಿ ಉರಿದರೂ 0.3 ಯೂನಿಟ್. ಆದರೆ ಅಡುಗೆಮನೆಯ ಸಣ್ಣ 6 ಆಂಪಿಯರ್ ಪ್ಲಗ್ಗು 1300 ವ್ಯಾಟ್ ದಾಟಿದ್ದನ್ನು ತಾಳದು. ಮಿಕ್ಸಿ, ನೀರಿನ ಫಿಲ್ಟರು, ಇಂಡಕ್ಷನ್ ಒಲೆ ಈಗಾಗಲೇ ಹಂಚಿಕೊಂಡಿರುವ ಕಟ್ಟೆಯಲ್ಲಿ 16 ಆಂಪಿಯರಿನ ಪ್ಲಗ್ಗು ಎಲ್ಲಿದೆ, ಅದರ ಬಳಿ ಒಂದೂವರೆ ಅಡಿ ಜಾಗ ಇದೆಯೇ ಎಂದು ಮೊದಲೇ ಅಳೆಯಬೇಕು. ಮೇಲಿನ ಕಪಾಟು ತಗ್ಗಾಗಿದ್ದರೆ ನೀರಿನ ತೊಟ್ಟಿ ತೆಗೆಯಲಾಗದು.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಪ್ರೀತಿಯಿಂದ ಹೊತ್ತು ತರುವ ಮಷೀನಿನ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಅದು 120 ವೋಲ್ಟಿನದು, ಇಲ್ಲಿನ ವಿದ್ಯುತ್ತು 230. ಪ್ಲಗ್ಗಿನ ಅಡಾಪ್ಟರು ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ. ನೇರ ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. 1200 ವ್ಯಾಟಿನ ಮಷೀನಿಗೆ ಕನಿಷ್ಠ 1500 ವಿಎ ಸಾಮರ್ಥ್ಯದ, ಎತ್ತಲು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನಿಟ್ಟರೂ ಆವರ್ತನ 60ರ ಬದಲು 50 ಆಗಿರುವುದರಿಂದ ಕಂಪಿಸುವ ಪಂಪಿನ ಮಷೀನು ನಿಧಾನವಾಗಿ ನಡೆಯುತ್ತದೆ. ತರುವುದಾದರೆ ಕೈ ಗ್ರೈಂಡರ್, ಮೋಕಾ ಪಾತ್ರೆ, ಏರೋಪ್ರೆಸ್‌ನಂಥ ಕರೆಂಟು ಬೇಡದ ವಸ್ತುಗಳನ್ನು ತರಲು ಹೇಳುವುದು ಒಳ್ಳೆಯದು.

ದುರಸ್ತಿಯ ಸೌಕರ್ಯ ಮೈಸೂರಿನಲ್ಲೇ ಇದೆಯೇ, ಬೆಂಗಳೂರಿಗೆ ಕಳಿಸಬೇಕೇ ಎಂಬುದನ್ನು ಕೊಳ್ಳುವ ಮುನ್ನ ಫೋನು ಮಾಡಿ ತಿಳಿದುಕೊಳ್ಳಬೇಕು. ಬೇಗ ಸವೆಯುವುದು ರಬ್ಬರ್ ವಾಷರು, ಜಾಲರಿಬಟ್ಟಲು, ನೀರಿನ ಕೊಳವೆ. ಇವು ಬಿಡಿಯಾಗಿ ಸಿಗದ ಮಷೀನು ಎಷ್ಟು ಚೆಂದವಿದ್ದರೂ ಎರಡು ವರ್ಷದ ಅತಿಥಿ. ಆನ್‌ಲೈನಿನಲ್ಲಿ ಕೊಂಡದ್ದಾದರೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಂಡವರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬಿಲ್ಲು ಮತ್ತು ವಾರಂಟಿ ಚೀಟಿಯನ್ನು ಎತ್ತಿಡಬೇಕಾದ್ದು ಅದಕ್ಕೇ.

ಮಷೀನಿನ ಆಯುಷ್ಯ ನೀರಿನಲ್ಲಿದೆ. ಮೈಸೂರಿಗೆ ಬರುವುದು ಕಾವೇರಿ, ಕಬಿನಿಗಳ ನೀರು. ಬೋರ್‌ವೆಲ್ ನೀರನ್ನು ಬೆರೆಸುವ ಅಪಾರ್ಟ್‌ಮೆಂಟುಗಳಲ್ಲಿ ಗಡಸುತನ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ನೀರಿಲ್ಲದ ಕಡೆ 600ರವರೆಗೂ ಬಿಡುತ್ತದೆ. ಕುಡಿಯಲು ಅಡ್ಡಿಯಿಲ್ಲದ ಅದೇ ನೀರು ಮಷೀನಿನೊಳಗೆ ಸುಣ್ಣವಾಗಿ ಕಟ್ಟಿಕೊಳ್ಳುತ್ತದೆ. ಬಚ್ಚಲ ಗೀಸರಿನಲ್ಲಿ, ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಾಣುವ ಮನೆಯಲ್ಲಿ ಮಷೀನಿಗೂ ಅದೇ ಗತಿ. ಅಂಥ ಕಡೆ ಶುದ್ಧೀಕರಿಸಿದ ನೀರು ಹಾಕಬೇಕು, ತಯಾರಕರ ಕೈಪಿಡಿ ಒಪ್ಪಿದರೆ ಎರಡು ಮೂರು ತಿಂಗಳಿಗೊಮ್ಮೆ ಲೀಟರಿಗೆ 20 ಗ್ರಾಮಿನಷ್ಟು ಸಿಟ್ರಿಕ್ ಆಮ್ಲ ಕರಗಿಸಿದ ನೀರು ಹಾಯಿಸಿ, ಆಮೇಲೆ ಎರಡು ಸಲ ಬರೀ ನೀರಿನಲ್ಲಿ ತೊಳೆಯಬೇಕು. ಹಬೆನಳಿಗೆಯನ್ನು ಹಾಲು ಮುಟ್ಟಿಸಿದ ಮರುಕ್ಷಣವೇ ಒರೆಸದಿದ್ದರೆ ಒಳಗೆ ಹಾಲು ಒಣಗಿ ಹುಳಿಯುತ್ತದೆ. ಫಿಲ್ಟರಿನ ಉಪಚಾರ ಇಷ್ಟೂ ಇಲ್ಲ. ತೂತು ಕಟ್ಟಿದಾಗ ಮೇಲಿನ ಪಾತ್ರೆಯ ತಳವನ್ನು ಒಲೆಯ ಉರಿಗೆ ಹಿಡಿದರೆ ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ಒಂದು ಸಲ ಉಜ್ಜಿದರೆ ಹೊಸದರಂತೆ ಹನಿಯುತ್ತದೆ.

ಕೊನೆಗೆ ಉಳಿಯುವುದು ಗಸಿ. ಬೇರೆ ಬಡಾವಣೆಗಳವರಿಗೆ ಇದು ಚಿಕ್ಕ ವಿಷಯ, ವಿದ್ಯಾರಣ್ಯಪುರಂನವರಿಗೆ ಅಲ್ಲ. ಮೈಸೂರಿನ ಕಸ ಬಂದು ಬೀಳುವ ಸೂಯೇಜ್ ಫಾರಂ ಇರುವುದು ಈ ಬಡಾವಣೆಯ ಮಗ್ಗುಲಿನಲ್ಲೇ. ಅದರ ನಾತದ ಬಗ್ಗೆ ಸುತ್ತಲಿನವರು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಅಲ್ಯೂಮಿನಿಯಂ ಕ್ಯಾಪ್ಸೂಲಿನಲ್ಲಿ ಲೋಹ, ಪುಡಿ, ಪೊರೆ ಮೂರೂ ಅಂಟಿಕೊಂಡಿರುವುದರಿಂದ ಅದು ಹಸಿಕಸಕ್ಕೂ ಸೇರದು, ಒಣಕಸಕ್ಕೂ ಸೇರದು. ಫಿಲ್ಟರು, ಡ್ರಿಪ್, ಮೋಕಾ, ಎಸ್ಪ್ರೆಸೊ ಯಾವುದರ ಗಸಿಯಾದರೂ ಹಸಿಕಸದ ಬುಟ್ಟಿಗೆ ನೇರ ಹೋಗುತ್ತದೆ. ಒಣಗಿಸಿ, ಒಣಗಿದ ಎಲೆ ಮತ್ತು ಮಣ್ಣಿನೊಂದಿಗೆ ಬೆರೆಸಿ ಗೊಬ್ಬರವಾಗಿಸಿದರೆ ಮಹಡಿಯ ಮೇಲಿನ ಮಲ್ಲಿಗೆ, ದಾಸವಾಳದ ಕುಂಡಗಳಿಗಾಗುತ್ತದೆ. ಹಸಿ ಗಸಿಯನ್ನೇ ಬುಡಕ್ಕೆ ದಪ್ಪಗೆ ಸುರಿದರೆ ಅದು ಬಿಲ್ಲೆಗಟ್ಟಿ ನೀರು ಇಳಿಯಲು ಬಿಡುವುದಿಲ್ಲ. ಕುಂಡಕ್ಕೆ ವಾರಕ್ಕೊಂದು ಹಿಡಿ, ಮಣ್ಣಿನಲ್ಲಿ ಕೆದಕಿ ಬೆರೆಸಿದ್ದು, ಸಾಕು.